ಗುಳ್ಳೆಯ ಅಪವಾದ ಹೊತ್ತ ಅಖಾಡದ ಮಣ್ಣು

ಬೆಳ್ಳಿ ಮೂಡುವ ಹೊತ್ತು. ತಿಕೋಟಾದ ಗರಡಿಮನೆಯಲ್ಲಿ ಗೈಬುಸಾಬ ಮೊಣಕಾಲೂರಿ ಅಖಾಡದ ಕೆಮ್ಮಣ್ಣು ತಿರುವುತ್ತಿದ್ದಾರೆ. ಮಜ್ಜಿಗೆ, ಕುಸುಬೆ ಎಣ್ಣೆ, ಅರಿಷಿಣ, ನಿಂಬೆರಸ ಕೂಡಿದ ಮಣ್ಣು. ಇಲ್ಲಿಯ ಪೈಲ್ವಾನರ ಹೆಸರು ಸುತ್ತಲ ಊರಿಗೆಲ್ಲ ಗೊತ್ತು. ಅವರು ಬೀಳುವ ಮಣ್ಣನ್ನು ಮೆತ್ತಗಿಟ್ಟ ಈ ಮನುಷ್ಯನನ್ನು ಯಾರೂ ಕೇಳಿದ್ದಿಲ್ಲ.

ಗೈಬುಸಾಬರಿಗೆ ಐವತ್ತು ದಾಟಿದೆ. ಹತ್ತು ವರ್ಷದ ಹಿಂದೆ, ಎಪ್ಪತ್ತೆರಡರ ಬರದಲ್ಲಿ ಕುಡಿಯುವ ನೀರಿಗೇ ಬಡಿದಾಟವಿದ್ದಾಗ, ದೂರದ ಬಾವಿಯಿಂದ ಕೊಡ ಹೊತ್ತು ತಂದು ಮಣ್ಣು ನೆನೆಸಿದವರು. ಈಗ ಎಡಗಣ್ಣಿನಲ್ಲಿ ಹೂ ಬಿದ್ದು ಏನೂ ಕಾಣುವುದಿಲ್ಲ. ಹೋದ ವರ್ಷ ಗರಡಿಯ ಹುಡುಗರ ಕೆನ್ನೆ, ಕುತ್ತಿಗೆಗೆ ನೀರುಗುಳ್ಳೆ ಎದ್ದಿದ್ದವು. ಪಟ್ಟು ಹೇಳಿಕೊಡಲು ಅವರೊಡನೆ ತಲೆಗೆ ತಲೆ ಕೊಟ್ಟಿದ್ದ ಗೈಬುಸಾಬರಿಗೆ ಅದು ಕಣ್ಣಿಗೇ ಹತ್ತಿತು.

“ಎಲ್ಲಾರೂ ಮಣ್ಣಿಂದ ಆತು ಅಂದ್ರು. ನಾನೂ ಹಂಗ ತಿಳದಿದ್ದೆ,” ಎನ್ನುತ್ತಾರೆ. “ಅರಿಷಿಣ ಎರಡರಷ್ಟು ಸುರುವಿದೆ. ಏನೂ ನಿಲ್ಲಲಿಲ್ಲರಿ.”

ವಿಜಾಪುರದ ಕಣ್ಣಿನ ವೈದ್ಯರು ಬೇರೆಯೇ ಹೇಳಿದರು. ಇದು ಹರ್ಪಿಸ್ ಎಂಬ ವೈರಾಣು. ಮೈಗೆ ಮೈ ಉಜ್ಜಿದಾಗ ದಾಟುತ್ತದೆ. ತರಚಿದ ಜಾಗದಲ್ಲಿ ಚರ್ಮದ ಮೇಲ್ಪದರದ ಜೀವಕೋಶಕ್ಕೆ ಅಂಟಿ ಒಳಹೊಗುತ್ತದೆ. ಆ ಕೋಶದ ಕೈಯಿಂದಲೇ ತನ್ನಂಥವನ್ನು ರಾಶಿರಾಶಿ ಮಾಡಿಸಿಕೊಂಡು, ಅದನ್ನು ಕೊಂದು ಪಕ್ಕದ್ದಕ್ಕೆ ನುಗ್ಗುತ್ತದೆ. ಗುಳ್ಳೆ ಮಾಯ್ದ ಮೇಲೂ ನರದ ಬುಡದಲ್ಲಿ ಅಡಗಿದ್ದು ಮತ್ತೆ ಏಳುತ್ತದೆ. ಗುಳ್ಳೆ ಎದ್ದವನನ್ನು ಹಕ್ಕಳೆ ಉದುರುವ ತನಕ ಅಖಾಡಕ್ಕೆ ಬಿಡಬಾರದು.

ಅದನ್ನೇ ಹೇಳಲು ಹೋಗಿ ಗೈಬುಸಾಬ ಈಗ ಕೆಟ್ಟವರಾಗಿದ್ದಾರೆ. ಗರಡಿಗೆ ಹಾಲು, ಬದಾಮಿ ಕೊಡಿಸುವ ಶಂಕ್ರೆಪ್ಪಗೌಡರ ಮಗ ಶಿವಯೋಗೆಪ್ಪನ ಕೆನ್ನೆಗೆ ಮತ್ತೆ ಗುಳ್ಳೆ ಎದ್ದಿವೆ. ಬಬಲೇಶ್ವರದ ಕುಸ್ತಿ ಹತ್ತಿರ ಬಂದಿದೆ. ತಾಲೀಮಿಗೆ ಗರಡಿಯಲ್ಲಿ ಅವನ ತೂಕಕ್ಕೆ ಸರಿಜೋಡಿ ಒಬ್ಬನೇ: ಗೈಬುಸಾಬರ ತಂಗಿಯ ಮಗ ಚಮನಸಾಬ. ಅವನಿಗೆ ಈ ರೋಗ ಇನ್ನೂ ಹತ್ತಿಲ್ಲ.

ಬೆಳಕು ಹರಿಯುತ್ತಲೇ ಶಿವಯೋಗೆಪ್ಪ ಲಂಗೋಟಿ ಬಿಗಿದು ಬರುತ್ತಾನೆ. ಗೈಬುಸಾಬ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ.

“ಇವತ್ತ ಬ್ಯಾಡೋ ಯಪ್ಪಾ. ಹಕ್ಕಳಿ ಉದುರ್ಲಿ.”

“ನಿನ್ನ ಮಣ್ಣ ಕೊಟ್ಟ ಬ್ಯಾನಿ, ನನಗ ಬಾಗಲಾ ಹಾಕ್ತಿ ಏನ ಕಾಕಾ? ಇರೂದು ಒಂದ ಕಣ್ಣು, ಅದೂ ನನ್ನ ಗಲ್ಲದ ಮ್ಯಾಲೇ ಐತಿ ನೋಡು!”

ಹುಡುಗರು ನಗುತ್ತಾರೆ. ಹಿಂದೆಯೇ ಬಂದ ಗೌಡರು ನಗುವುದಿಲ್ಲ.

“ಮಣ್ಣ ಹೊಲಸಾಗೇತಿ ಗೈಬುಸಾಬ. ಇವತ್ತ ಎಲ್ಲಾ ತಗದ ಒಗಿ. ನಾಳಿ ಹೊಸಾ ಮಣ್ಣಾಗ ಇಬ್ರೂ ಹಿಡೀಲಿ.”

“ಗೌಡ್ರ, ಡಾಕ್ಟರ ಏನ ಹೇಳ್ಯಾರಂದ್ರ…”

“ಡಾಕ್ಟರಗ ಕುಸ್ತಿ ಗೊತ್ತೈತೇನು? ಆಗೂದಿಲ್ಲಂದ್ರ ಸಲಿಕಿ ಇಟ್ಟ ಮನಿಗಿ ನಡಿ.”

ಗೈಬುಸಾಬ ತಂಗಿಯ ಮಗನ ಕಡೆ ನೋಡುತ್ತಾರೆ. ಚಮನಸಾಬ ತಲೆ ತಗ್ಗಿಸುತ್ತಾನೆ. “ಸುಮ್ನಿರು ಮಾಮಾ. ಇವರನ್ನ ಎದುರ ಹಾಕ್ಕೊಂಡ ನಾ ಎಲ್ಲಿ ಆಡ್ಲಿ?”

ಗೈಬುಸಾಬರ ತಂದೆಯ ಕಾಲದಿಂದ ಹದ ಮಾಡಿದ ಮಣ್ಣು ಸಂಜೆಯೊಳಗೆ ತಿಪ್ಪೆ ಸೇರುತ್ತದೆ. ಗೌಡರ ಟ್ರ್ಯಾಕ್ಟರ್ ತಂದು ಸುರಿದ ಹೊಸ ಮಣ್ಣನ್ನು ಗೈಬುಸಾಬ ಒಬ್ಬರೇ ಜರಡಿ ಹಿಡಿದು, ಎಣ್ಣೆ ಬೆರೆಸಿ, ತುಳಿದು ಸಿದ್ಧ ಮಾಡುತ್ತಾರೆ. ಮರುದಿನ ಅದರ ಮೇಲೆ ಶಿವಯೋಗೆಪ್ಪನ ಕೆನ್ನೆ ಚಮನಸಾಬನ ಕೆನ್ನೆಗೆ ಒತ್ತಿ ತಿಕ್ಕಾಡುತ್ತದೆ. ಸುತ್ತ ನಿಂತವರು ಶಿಳ್ಳೆ ಹಾಕುತ್ತಾರೆ.

ಗೈಬುಸಾಬ ಆ ಕಡೆ ನೋಡುವುದಿಲ್ಲ.

“ಹೊಸಾ ಮಣ್ಣು ಛಲೋ ಐತ್ರಿ,” ಎನ್ನುತ್ತಾರೆ. “ಇದರಿಂದ ಯಾರಿಗೂ ಏನೂ ಆಗೂದಿಲ್ಲ. ಅಷ್ಟಕ್ಕ ನಾ ಜವಾಬ್ದಾರ.”