ಎರಡನೇ ಪುಟದ ಗೆಳತಿ

ಮೂವತ್ತೊಂದು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿ ಲಾಯರಮ್ಮನ ಮಂಡಿ ಸವೆದಿತ್ತು. ಮಾತು ಮಾತ್ರ ಸವೆದಿಲ್ಲ ಎಂದು ಜನ ಹೇಳುತ್ತಿದ್ದರು. ಸುಳ್ಳು. ಮಾತೂ ಸವೆದಿತ್ತು, ಜನಕ್ಕೆ ಗೊತ್ತಾಗಿರಲಿಲ್ಲ ಅಷ್ಟೆ.

ಹೆಣ್ಣು ಹೆಣ್ಣನ್ನು, ಗಂಡು ಗಂಡನ್ನು ಪ್ರೀತಿಸಿದ್ದಕ್ಕೆ ಕೆಲಸ ಕಳೆದುಕೊಂಡವರ, ಮನೆಯಿಂದ ಹೊರಬಿದ್ದವರ ಕೇಸುಗಳನ್ನು ಉಳಿದ ವಕೀಲರು ಮೂಗು ಮುರಿದು ಅವಳ ಮೇಜಿಗೆ ಸಾಗಹಾಕುತ್ತಿದ್ದರು. ಶುರುವಿನಲ್ಲಿ ಅರ್ಜಿಯಲ್ಲಿ ‘ಸಂಗಾತಿ’ ಎಂದು ಬರೆದರೆ ಸಾಕು, ಕೌಂಟರಿನ ಗುಮಾಸ್ತ ಕನ್ನಡಕ ಏರಿಸಿ, “ಇಂಥಾ ಸಂಬಂಧ ನಮ್ಮ ಫಾರಮ್ಮಲ್ಲಿ ಇಲ್ಲಮ್ಮ” ಎಂದು ಕಾಗದ ವಾಪಸ್ಸು ತಳ್ಳುತ್ತಿದ್ದ. ಅದಕ್ಕೇ ಹಾವೂ ಸಾಯದ, ಕೋಲೂ ಮುರಿಯದ ಒಂದು ಪದ ಹಿಡಿದಳು: ‘ಗೆಳತಿ’. ಗಂಡಸರಾದರೆ ‘ಗೆಳೆಯ’. ಅರ್ಜಿ ಒಳಗೆ ಹೋಗುತ್ತಿತ್ತು. ಉಳಿದದ್ದನ್ನು ಜಡ್ಜರ ಮುಂದೆ ಬಾಯಲ್ಲಿ ಹೇಳುತ್ತಿದ್ದಳು. ಮೂರು ವರ್ಷದ ಹಿಂದೆ ಕಾನೂನು ಬದಲಾಗಿ, ಸಂಗಾತಿಯೂ ಸಂಬಂಧಿಯೇ ಎಂದಾಯಿತು. ಅದಕ್ಕಾಗಿ ಹೋರಾಡಿದವಳೂ ಅವಳೇ. ಕೈ ಮಾತ್ರ ಹಳೇ ರೂಢಿ ಬಿಟ್ಟಿರಲಿಲ್ಲ.

ಆ ದಿನ ಟೈಲರಮ್ಮನ ಕೇಸು. ಇಪ್ಪತ್ತನಾಲ್ಕು ವರ್ಷ ಅವಳ ಜೊತೆ ಬಾಳಿದ ಟೀಚರಮ್ಮ ಲಕ್ವ ಹೊಡೆದು ಆಸ್ಪತ್ರೆಯಲ್ಲಿದ್ದಳು. ಸಂಬಂಧಿಕರನ್ನಲ್ಲದೆ ಯಾರನ್ನೂ ಒಳಗೆ ಬಿಡಕೂಡದೆಂದು ಟೀಚರಮ್ಮನ ಅಣ್ಣ ಬರೆದುಕೊಟ್ಟಿದ್ದ. ಹನ್ನೊಂದು ದಿನದಿಂದ ಟೈಲರಮ್ಮ ಗೇಟಿನ ಹತ್ತಿರವೇ ಕೂತಿದ್ದಳು. ಇವತ್ತು ಬಿಟ್ಟರೆ ಮುಖ ನೋಡುವುದು ಅನುಮಾನ ಎಂದು ನರ್ಸ್ ಹೇಳಿದ್ದಳು.

ಅಣ್ಣನ ವಕೀಲ ನಗುತ್ತಲೇ ಎದ್ದ. “ನಾನು ವಾದ ಮಾಡೋದೇ ಬೇಡ ಸ್ವಾಮಿ. ಅವರ ಅರ್ಜಿಯ ಎರಡನೇ ಪುಟ ನೋಡಿ. ‘ಗೆಳತಿ’ ಅಂತ ಅವರೇ ಬರ್ಕೊಟ್ಟಿದ್ದಾರೆ. ಗೆಳತಿ ಸಂಬಂಧಿ ಹೇಗಾಗ್ತಾಳೆ?”

ಲಾಯರಮ್ಮ ಎರಡನೇ ಪುಟ ತಿರುವಿದಳು; ಬರಹ ತನ್ನದೇ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದ್ದರೆ ನೋವು ತನಗೇ ಇರುತ್ತಿತ್ತು. ಕಲ್ಲು ಬಿದ್ದದ್ದು ಟೈಲರಮ್ಮನ ಕಾಲ ಮೇಲೆ.

“ತಪ್ಪು ನಂದು ಸ್ವಾಮಿ,” ಎಂದಳು. “ಹಳೇ ಹೆದರಿಕೇಲಿ ಬರೆದೆ. ಇವರನ್ನ ಒಂದು ಮಾತು ಕೇಳಲೂ ಇಲ್ಲ.”

ಜಡ್ಜ್ ಟೈಲರಮ್ಮನ ಕಡೆ ತಿರುಗಿದರು. “ನೀವೇ ಹೇಳಿ. ಅವರು ನಿಮಗೆ ಏನಾಗಬೇಕು?”

“ನಮ್ಮನೆಯವರು,” ಎಂದಳು ಟೈಲರಮ್ಮ, ಇದರಲ್ಲಿ ಕೇಳುವುದೇನಿದೆ ಎಂಬಂತೆ.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಜಡ್ಜ್ ನಗಲಿಲ್ಲ. “ತಿದ್ದಿ, ಸಹಿ ಹಾಕಿ ಕೊಡಿ. ಈಗಲೇ.” ಲಾಯರಮ್ಮ ಆ ಒಂದು ಪದ ಹೊಡೆದುಹಾಕಿ ‘ಸಂಗಾತಿ’ ಎಂದು ಬರೆದಳು.

ಮಧ್ಯಾಹ್ನ ಆದೇಶದ ಪ್ರತಿ ನೋಡಿ ಆಸ್ಪತ್ರೆಯವರು ದಾರಿ ಬಿಟ್ಟರು. ಅರೆತೆರೆದ ಬಾಗಿಲಿನಿಂದ ಟೀಚರಮ್ಮನ ತೊದಲು ಮಾತು ಹೊರಗೆ ಕೇಳಿಸಿತು: “ಎಲ್ಲಿ ಹಾಳಾಗ್ ಹೋಗಿದ್ದೆ ಇಷ್ಟ್ ದಿನ?”

“ಇಲ್ಲೇ ಕೆಳಗಿದ್ದೆ ಕಣೇ,” ಎಂದು ಟೈಲರಮ್ಮ ಗೊಳೋ ಎಂದು ಅತ್ತಳು.

ಲಾಯರಮ್ಮ ಹೊರಗಿನ ಬೆಂಚಿನಲ್ಲಿ ಕುಸಿದು ಕೂತಳು. ಗೆದ್ದ ಸಂತೋಷ ಹತ್ತಿರವೂ ಸುಳಿಯಲಿಲ್ಲ. ಕಳೆದ ವರ್ಷ ಒಬ್ಬ ಬಸ್ ಡ್ರೈವರ್ ಇಂಥದೇ ಅರ್ಜಿಗೆ ಬಂದಿದ್ದ. ‘ಸಂಬಂಧ ಸಾಬೀತಾಗಿಲ್ಲ’ ಎಂದು ಅರ್ಜಿ ವಜಾ ಆಯಿತು. ತನ್ನವನ ಹೆಣ ಹೋಗುವುದನ್ನು ಅವನು ರಸ್ತೆಯ ಆಚೆ ನಿಂತು ನೋಡಿದ. ಅವತ್ತು ಅವಳು ಜಡ್ಜರನ್ನು ಬಾಯಿ ತುಂಬ ಬೈದಿದ್ದಳು. ಆ ಅರ್ಜಿಯ ಎರಡನೇ ಪುಟದಲ್ಲಿ ತಾನೇ ಬರೆದ ‘ಗೆಳೆಯ’ ಈಗ ಕಣ್ಣಿಗೆ ಕಟ್ಟಿತು.

ಫೋನಿನಲ್ಲಿ ಅವನ ನಂಬರು ಹುಡುಕಿ ಒತ್ತಿದಳು.

“ನಾನಪ್ಪ, ಲಾಯರಮ್ಮ,” ಎಂದಳು. “ನಿನ್ನ ಕೇಸು ಸೋಲಿಸಿದ್ದು ಜಡ್ಜಲ್ಲ ಕಣಪ್ಪಾ. ನಾನು.”