ಕಾಲು ತಾಗುವ ಆಟ

ನನ್ನ ತಂಗಿಗೆ ಅಷ್ಟು ದೊಡ್ಡ ಧ್ವನಿ ಇದೆ ಎಂದು ನನಗೆ ಗೊತ್ತಾದದ್ದು ಅವಳು ಯುರೋಪಿನಲ್ಲಿದ್ದಾಗ. ಅವಳು ಹುಟ್ಟಿದಾಗಿನಿಂದ ನಾವಿಬ್ಬರೂ ಮುಂಬಯಿಯ ಭಾಂಡುಪಿನ ಮನೆಯಲ್ಲಿ ಒಂದೇ ಕೋಣೆಯಲ್ಲಿ ಮಲಗಿದವರು. ಅವಳು ಚಹಾ ಬೇಕೆಂದು ಕೇಳಿದರೂ ಪಕ್ಕದಲ್ಲಿದ್ದವರಿಗೆ ಮಾತ್ರ ಕೇಳಿಸುತ್ತಿತ್ತು. ನಮ್ಮದು ಮೆತ್ತಗೆ ಮಾತಾಡುವ ಮನೆ. ನಾನಂತೂ ಸಾಂತಾಕ್ರೂಜಿನ ಕ್ಯಾಂಪಸ್ಸಿನಲ್ಲಿ ಸಂಶೋಧನೆ ಮಾಡುತ್ತೇನೆ, ದಿನದ ಹೆಚ್ಚು ಹೊತ್ತು ಓದುವ ಕೋಣೆಯಲ್ಲೇ ಕಳೆಯುತ್ತೇನೆ. ಮಾತು ಕಡಿಮೆ ಇರುವುದು ನನಗೆ ಯಾವತ್ತೂ ಕೊರತೆಯಾಗಿ ಕಂಡಿರಲಿಲ್ಲ.

ಯುರೋಪಿನ ಉತ್ತರದ ಒಂದು ಸಣ್ಣ ಊರಿನಲ್ಲಿ ಬೇಸಿಗೆಯಲ್ಲಿ ಹುಡುಗಿಯರ ಫುಟ್‌ಬಾಲ್ ಪಂದ್ಯಾವಳಿ ನಡೆಯುತ್ತದೆ. ಹಲವು ದೇಶಗಳಿಂದ ಕ್ಲಬ್ಬುಗಳು ಬರುತ್ತವೆ. ಬಂದವರನ್ನು ಹೋಟೆಲಿನಲ್ಲಿ ಇಡುವುದಿಲ್ಲ. ರಜೆಗೆ ಖಾಲಿಯಾದ ಶಾಲೆಯ ಬೆಂಚುಗಳನ್ನು ಗೋಡೆಗೆ ಸರಿಸಿ, ತರಗತಿಗಳಲ್ಲಿ ಸಾಲಾಗಿ ಗಾದಿ ಹಾಸುತ್ತಾರೆ. ಅವರ ಬೇಸಿಗೆಯೆಂದರೆ ನಮ್ಮ ಮಳೆಗಾಲ. ಕಳೆದ ವರ್ಷ ತಂಗಿಯ ಕ್ಲಬ್ಬಿಗೆ ಅಲ್ಲಿಂದ ಕರೆ ಬಂತು. ಹದಿನಾರು ವರ್ಷದ ತಂಗಿ ಹೋಗುವವರಲ್ಲಿ ಒಬ್ಬಳಾದಳು.

ಅವಳು ಸ್ಟಾಪರ್. ಗೋಲ್‌ಕೀಪರಿನ ಮುಂದೆ, ರಕ್ಷಣೆಯ ಸಾಲಿನ ನಟ್ಟನಡುವೆ ನಿಲ್ಲುವವರನ್ನು ಇಲ್ಲಿಯ ಮೈದಾನಗಳಲ್ಲಿ ಹಾಗೆ ಕರೆಯುತ್ತಾರೆ. ನುಗ್ಗಿ ಬರುವವಳ ಕಾಲಿನಿಂದ ಚೆಂಡು ಕಿತ್ತುಕೊಳ್ಳುವುದು ಅವಳ ಕೆಲಸ. ಅದನ್ನು ಅವಳು ಚೆನ್ನಾಗಿ ಮಾಡುತ್ತಿದ್ದಳು. ತೊಂದರೆ ಇದ್ದದ್ದು ಅದರ ಮರುಕ್ಷಣದಲ್ಲಿ.

ಕಾಲು ಯಾರಿಗಾದರೂ ತಾಗಿದರೆ ಬಗ್ಗಿ ಅವರನ್ನು ಮುಟ್ಟಿ, ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುವುದು ನಮ್ಮಲ್ಲಿ ಎಲ್ಲರಿಗೂ ಇರುವ ರೂಢಿ. ಆಯಿ, ಅಂದರೆ ಅಪ್ಪನ ತಾಯಿ, ವಿಜಯಪುರದಿಂದ ಬಂದು ನಮ್ಮನ್ನು ಬೆಳೆಸಿದವಳು. ನಡೆಯಲು ಕಲಿಸಿದಾಗಲೇ ಇದನ್ನೂ ಕಲಿಸಿದ್ದಳು. ಮನುಷ್ಯರಿರಲಿ, ಪುಸ್ತಕವಿರಲಿ, ಕಸಬರಿಗೆ ಇರಲಿ, ಕಾಲು ತಾಗಿದರೆ ಮುಟ್ಟಲೇಬೇಕು. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಬಗ್ಗಲು ಜಾಗವಿರುವುದಿಲ್ಲ. ಚಪ್ಪಲಿ ತಾಗಿದ ಹೆಂಗಸು ಎದುರಿನವಳ ಭುಜ ಮುಟ್ಟಿ ಕೈಯನ್ನು ಎದೆಗೆ ಒಯ್ಯುವುದನ್ನು ದಿನಾ ನೋಡುತ್ತೇನೆ. ಇದಕ್ಕೆ ಯೋಚನೆ ಬೇಕಿಲ್ಲ. ಕೈ ತಾನೇ ಹೋಗುತ್ತದೆ.

ಫುಟ್‌ಬಾಲಿನಲ್ಲಿ ಕಾಲಿಗೆ ಕಾಲು ತಾಗುತ್ತಲೇ ಇರುತ್ತದೆ.

ಒಂದು ಸಂಜೆ ಅವಳನ್ನು ಕರೆತರಲು ಮೈದಾನಕ್ಕೆ ಹೋಗಿದ್ದೆ. ಅವಳು ಒಬ್ಬಳನ್ನು ತಡೆದಳು, ಚೆಂಡು ಸಿಕ್ಕಿತು, ಕಾಲಿಗೆ ಕಾಲು ತಾಗಿತು. ತಂಗಿ ಬಗ್ಗಿ ಆ ಹುಡುಗಿಯ ಬೂಟು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅಷ್ಟರಲ್ಲಿ ಹಿಂದಿನಿಂದ ಬಂದ ಇನ್ನೊಬ್ಬಳು ಚೆಂಡನ್ನು ಒಯ್ದುಬಿಟ್ಟಳು.

"ಪಂಡಿತ್‌ಜೀ, ಪ್ರಸಾದ್ ಭೀ ದೋ ನಾ," ಎಂದು ಯಾರೋ ಕೂಗಿದರು. ಹುಡುಗಿಯರೆಲ್ಲ ನಕ್ಕರು.

"ಪೂಜಾ ಹೋ ಗಯೀ?" ಕೋಚ್ ಕೇಳಿದರು. ಆಕೆ ಕೊರಳಲ್ಲಿ ಸೀಟಿ ಹಾಕಿಕೊಂಡ ಮರಾಠಿ ಹೆಂಗಸು. ಧ್ವನಿ ಏರಿಸುವ ಅಗತ್ಯವೇ ಇಲ್ಲದವರು. "ಅಬ್ ಬಾಲ್ ಕಾ ಭೀ ದರ್ಶನ್ ಕರ್ ಲೇ. ವೋ ದೇಖ್, ಗೋಲ್ ಕೇ ಅಂದರ್ ಹೈ."

ಚೆಂಡು ನಿಜಕ್ಕೂ ಗೋಲಿನೊಳಗಿತ್ತು.

ಆಮೇಲೆ ಆಕೆ ನನ್ನನ್ನು ಬದಿಗೆ ಕರೆದು ನೇರವಾಗಿ ಹೇಳಿದರು. ಕರೆದುಕೊಂಡು ಹೋಗುತ್ತೇನೆ, ಆದರೆ ಈ ಕೈ ಆಟದ ನಡುವೆ ಹೋಗುವುದು ನಿಲ್ಲುವವರೆಗೆ ಮೊದಲ ಹನ್ನೊಂದರಲ್ಲಿ ಆಡಿಸುವುದಿಲ್ಲ. ತಂಗಿ ಹತ್ತಿರದಲ್ಲೇ ಬೂಟಿನ ಲೇಸು ಬಿಚ್ಚುತ್ತ ಕೂತಿದ್ದಳು. ಕೇಳಿಸಿಕೊಂಡಳು. ಮನೆಗೆ ಬರುವಾಗ ರಿಕ್ಷಾದಲ್ಲಿ ಹೊರಗೆ ನೋಡುತ್ತಲೇ ಅಂದಳು: "ಅಕ್ಕ, ಅಲ್ಲಿ ಒಂದ ಮ್ಯಾಚ್ ಶುರುವಿಂದ ಆಡಬೇಕ ನಾನು. ಒಂದ ಸಾಕು."

ಅವಳು ನನ್ನ ಹತ್ತಿರ ಏನನ್ನಾದರೂ ಬೇಕು ಎಂದು ಹೇಳಿದ್ದು ಅಪರೂಪ. ಆದ್ದರಿಂದ ನನಗೆ ತೋಚಿದ ಉಪಾಯ ಮಾಡಿದೆ. ಊಟಕ್ಕೆ ಕೂತಾಗ ಬೇಕೆಂದೇ ಅವಳ ಕಾಲಿಗೆ ನನ್ನ ಕಾಲು ತಾಗಿಸುತ್ತಿದ್ದೆ, ಅವಳು ತಿರುಗಿ ತಾಗಿಸಿ ಸುಮ್ಮನೆ ಕೂರಬೇಕು. ಅವಳ ಕೈ ಪ್ರತಿ ಸಲ ಎದ್ದು, ಅರ್ಧ ದಾರಿಯಲ್ಲಿ ನಿಂತು, ತಟ್ಟೆಯ ಅಂಚನ್ನು ಹಿಡಿದುಕೊಳ್ಳುತ್ತಿತ್ತು. ಆಯಿ ಎರಡು ದಿನ ನೋಡಿದಳು.

"ಏನ ನಡಸೀರಿ ಇದು? ಅಕ್ಕಗ ಕಾಲ ಹಚ್ಚಿ ಸುಮ್ಮ ಕುಂತೀಯಲ್ಲ?"

"ಪ್ರಾಕ್ಟೀಸ್, ಆಯಿ."

"ಮರ್ಯಾದಿ ಬಿಡೂದಕ್ಕೂ ಪ್ರಾಕ್ಟೀಸ್ ಬೇಕೇನವಾ? ಈ ಬಿಲ್ಡಿಂಗಿನ್ಯಾಗ ಎಲ್ಲಾರಿಗೂ ಪ್ರಾಕ್ಟೀಸ್ ಇಲ್ಲದನ ಬಂದೈತಿ."

ಅವ್ವ ನಗು ತಡೆಯಲು ಒಳಗೆ ಹೋದಳು. ತಂಗಿ ಹೊರಡುವ ದಿನದವರೆಗೂ ಕೈ ಪೂರ್ತಿ ನಿಲ್ಲಲಿಲ್ಲ.

ಪಂದ್ಯಗಳನ್ನು ಮೊಬೈಲಿನಲ್ಲಿ ನೋಡಬಹುದಿತ್ತು. ನಾನು ಅದನ್ನು ಟೀವಿಗೆ ಜೋಡಿಸಿದೆ. ಅಲ್ಲಿಯ ಬೆಳಗು ನಮಗೆ ಮಧ್ಯಾಹ್ನ. ಹೊರಗೆ ಮಳೆ ಹೊಯ್ಯುತ್ತಿತ್ತು. ಒಳಗೆ ಹಗ್ಗದ ಮೇಲೆ ಒಣಗದ ಬಟ್ಟೆಗಳು, ಅವುಗಳ ಕೆಳಗೆ ನಾವು ಮೂವರು ಹೆಂಗಸರು. ಫೋರ್ಟ್ ಪ್ರದೇಶದ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ಅಪ್ಪ ಊಟದ ಬಿಡುವಿನಲ್ಲಿ ತಮ್ಮ ಮೊಬೈಲಿನಲ್ಲಿ ನೋಡುತ್ತಿದ್ದರು. ಏನೋ ಕಾರಣಕ್ಕೆ ಅವರಿಗೆ ನಮಗಿಂತ ಸ್ವಲ್ಪ ಮೊದಲೇ ಎಲ್ಲ ಕಾಣುತ್ತಿತ್ತು. ಫೋನ್ ಮಾಡಿ "ನೋಡಿದ್ರೇನ?" ಎನ್ನುತ್ತಿದ್ದರು, ನಾವು ಇನ್ನೂ ನೋಡಿರುತ್ತಿರಲಿಲ್ಲ.

ಮೊದಲ ಪಂದ್ಯದಲ್ಲಿ ತಂಗಿ ಪೂರ್ತಿ ಬೆಂಚಿನ ಮೇಲೆ ಕೂತಳು. ಕ್ಯಾಮರಾ ಆ ಕಡೆ ತಿರುಗಿದಾಗ ಅವಳ ಮೊಣಕಾಲು ಮಾತ್ರ ಕಾಣುತ್ತಿತ್ತು. ಆದರೂ ನಾನು ಕಣ್ಣು ತೆಗೆಯಲಾಗದೆ ನೋಡಿದೆ. ಅಷ್ಟು ಹಸಿರಾದ, ಅಷ್ಟು ಸಮನಾದ ನೆಲವನ್ನು ನಾನು ಕಂಡಿರಲಿಲ್ಲ. ಅದರಾಚೆ ಇನ್ನೊಂದು ಮೈದಾನ, ಅದರಾಚೆ ಮತ್ತೊಂದು. ಎಲ್ಲದರಲ್ಲೂ ಹುಡುಗಿಯರು ಓಡುತ್ತಿದ್ದರು. ಕಣ್ಣು ಹೋದಷ್ಟು ದೂರ ಹುಡುಗಿಯರೇ. ಅವರಲ್ಲಿ ಯಾರೂ ಬಟ್ಟೆ ಸರಿಮಾಡಿಕೊಳ್ಳುತ್ತಿರಲಿಲ್ಲ, ಯಾರು ನೋಡುತ್ತಿದ್ದಾರೆಂದು ತಿರುಗುತ್ತಿರಲಿಲ್ಲ. ಲೋಕದಲ್ಲಿ ಇಂಥದ್ದೊಂದು ಜಾಗ ಇದೆಯೆಂದು ಯಾರಾದರೂ ಬಾಯಲ್ಲಿ ಹೇಳಿದ್ದರೆ ನಾನು ತಲೆಯಾಡಿಸಿ ಸುಮ್ಮನಾಗುತ್ತಿದ್ದೆ.

ಎರಡನೆಯ ಪಂದ್ಯದ ಎದುರಾಳಿಗಳು ಎತ್ತರದವರು, ಉದ್ದ ಜಡೆಯವರು. "ಇವೇನ ಹುಡುಗ್ಯಾರೋ, ಲೈಟಿನ ಕಂಬಾನೋ?" ಎಂದಳು ಆಯಿ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ, ತಂಗಿಯ ಜಾಗದಲ್ಲಿ ಆಡುತ್ತಿದ್ದ ನಮ್ಮ ಸ್ಟಾಪರ್ ಪಾದ ಹೊರಳಿಸಿಕೊಂಡು ಕೂತುಬಿಟ್ಟಳು. ಕೋಚ್ ಬೆಂಚಿನ ಕಡೆ ತಿರುಗಿದರು. ತಂಗಿ ಜಾಕೀಟು ಕಳಚಿ ಒಳಗೆ ಓಡಿದಳು.

ವಿವರಣೆ ಹೇಳುವವರು ಯಾರೂ ಇರಲಿಲ್ಲ. ಕಂಬದ ಮೇಲೆ ಒಂದೇ ಕ್ಯಾಮರಾ. ಗಾಳಿಯ ಸದ್ದು, ಚೆಂಡಿನ ಸದ್ದು, ಹುಡುಗಿಯರ ಕೂಗು ನೇರವಾಗಿ ಬರುತ್ತಿದ್ದವು. ಆ ಸದ್ದುಗಳ ಮೇಲೆ ಇದ್ದಕ್ಕಿದ್ದಂತೆ ಒಂದು ಧ್ವನಿ ಎದ್ದಿತು.

"ಲೈನ್! ಊಪರ್, ಊಪರ್ ಆವ್! ತೂ ಛೋಡ್, ಮೇರಾ ಹೈ!"

ಆಯಿ ಮುಂದಕ್ಕೆ ಬಾಗಿದಳು. "ಯಾರದ ಇದು ದನಿ?"

"ನಿಮ್ಮ ಮೊಮ್ಮಗಳದು," ಎಂದಳು ಅವ್ವ. ಅವಳ ಧ್ವನಿಯಲ್ಲಿ ಖಾತ್ರಿ ಇರಲಿಲ್ಲ.

ಅದು ತಂಗಿಯದೇ. ಹೊಟ್ಟೆಯಿಂದ ಬರುವ, ಅಂಜಿಕೆಯಿಲ್ಲದ, ಒರಟಾದ ಧ್ವನಿ. ಅವಳು ಕೂಗಿದರೆ ನಾಲ್ಕು ಹುಡುಗಿಯರು ಒಟ್ಟಿಗೆ ಮುಂದೆ ಸರಿಯುತ್ತಿದ್ದರು. ಇನ್ನೊಮ್ಮೆ ಕೂಗಿದರೆ ಒಟ್ಟಿಗೆ ಹಿಂದೆ ಬರುತ್ತಿದ್ದರು. ಅವಳಿಗಿಂತ ಒಂದು ತಲೆ ಎತ್ತರದವಳು ಚೆಂಡು ತಂದರೆ ಅವಳು ಹಿಂದೆ ಹೆಜ್ಜೆ ಇಡುತ್ತ, ಕೈಯಿಂದ ಉಳಿದವರಿಗೆ ಜಾಗ ತೋರಿಸುತ್ತ, ಸರಿಯಾದ ಗಳಿಗೆಗೆ ಕಾಲು ಚಾಚುತ್ತಿದ್ದಳು. ಈ ಹುಡುಗಿ ನಮ್ಮ ಮನೆಯಲ್ಲಿ, ನನ್ನ ಪಕ್ಕದ ಹಾಸಿಗೆಯಲ್ಲಿ, ಇಷ್ಟು ವರ್ಷ ಈ ಧ್ವನಿಯನ್ನು ಎಲ್ಲಿ ಇಟ್ಟುಕೊಂಡಿದ್ದಳು? ನಾನು ಯಾವತ್ತೂ ನಾಲ್ಕು ಜನರೆದುರು ಗಟ್ಟಿಯಾಗಿ ಒಂದು ಮಾತು ಹೇಳಿದವಳಲ್ಲ. ನನಗೆ ಅಸೂಯೆಯಾಗಲಿಲ್ಲ. ದೊಡ್ಡ ಕಟ್ಟಡದ ಬುಡದಲ್ಲಿ ನಿಂತು ತಲೆಯೆತ್ತಿದಾಗ ಆಗುವಂಥದ್ದೇನೋ ಆಯಿತು.

ತಂಗಿಯ ಕೈ ಆಗೀಗ ಅಲುಗುವುದು ಕಾಣುತ್ತಿತ್ತು, ಅಷ್ಟೇ. ಮುಟ್ಟಲಿಲ್ಲ.

ಎರಡನೆಯ ಅರ್ಧದಲ್ಲಿ, ನಮ್ಮ ಗೋಲಿನ ಮುಂದಿನ ಬಾಕ್ಸಿನೊಳಗೆ, ಉದ್ದ ಜಡೆಯ ಒಬ್ಬಳು ನುಗ್ಗಿದಳು. ತಂಗಿ ನೆಲದ ಮೇಲೆ ಜಾರಿ ಬಂದು ಚೆಂಡನ್ನು ಹೊರಗೆ ಒದ್ದಳು. ಚೆಂಡು ಮೊದಲು ಸಿಕ್ಕಿದ್ದು ನಮಗೂ ಕಂಡಿತು. ಆದರೆ ಆ ಹುಡುಗಿ ಅವಳ ಕಾಲಿನ ಮೇಲೆ ಎಡವಿ ದೊಪ್ಪನೆ ಬಿದ್ದಳು. ತಂಗಿ ಎದ್ದಳು. ಬಿದ್ದವಳ ಕಾಲನ್ನು ಮುಟ್ಟಿ, ಬೆರಳುಗಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು.

ಸೀಟಿ ಕೇಳಿಸಿತು. ರೆಫರಿ ಪೆನಲ್ಟಿಯ ಗುರುತಿನತ್ತ ಕೈ ತೋರಿಸಿದರು.

"ಯಾಕ?" ಎಂದಳು ಆಯಿ. "ಚೆಂಡಿಗೇ ಹೊಡದ್ಲಲ್ಲ ನಮ್ಮಾಕಿ?"

ಎದುರಾಳಿ ಹುಡುಗಿ ಚೆಂಡನ್ನು ಇಟ್ಟು ಹಿಂದೆ ನಡೆಯುತ್ತಿದ್ದಾಗ ಅವ್ವನ ಫೋನ್ ಹೊಡೆದುಕೊಂಡಿತು. ಫೋರ್ಟಿನಲ್ಲಿ, ಅಪ್ಪನ ಮೊಬೈಲಿನಲ್ಲಿ, ಅದು ಆಗಲೇ ಮುಗಿದಿತ್ತು.

"ಎತ್ತಬ್ಯಾಡ," ಎಂದಳು ಆಯಿ.

ಫೋನ್ ಹೊಡೆದುಕೊಳ್ಳುತ್ತಲೇ ಇತ್ತು. ಆ ಹುಡುಗಿ ಓಡಿ ಬಂದು ಒದ್ದಳು. ಗೋಲಾಯಿತು. ಆಮೇಲೆ ಅವ್ವ ಫೋನ್ ಎತ್ತಿ, "ಹೂಂ, ನೋಡಿದ್ವಿ," ಎಂದು ಇಟ್ಟಳು.

ಮುಂದಿನ ಕೆಲವು ನಿಮಿಷ ಮೈದಾನದಿಂದ ಗಾಳಿಯ ಸದ್ದು ಮಾತ್ರ ಬಂತು. ಸಾಲು ಚದುರಿತ್ತು, ಹುಡುಗಿಯರು ಒಬ್ಬರನ್ನೊಬ್ಬರು ನೋಡುತ್ತಿದ್ದರು. ತಂಗಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಗಂಟೆಗಟ್ಟಲೆ ವಿಮಾನದಲ್ಲಿ ಕೂತು ಅವಳು ಹೋದದ್ದು ಶುರುವಿಂದ ಆಡುವ ಒಂದು ಪಂದ್ಯಕ್ಕಾಗಿ, ಅದು ಈಗ ಕೈತಪ್ಪಿತು ಎಂದುಕೊಂಡೆ. ಕೋಚ್ ಅವಳನ್ನು ಹೊರಗೆ ಕರೆಯುತ್ತಾರೆಂದು ಟೀವಿಯ ಅಂಚನ್ನೇ ನೋಡುತ್ತಿದ್ದೆ. ಆಕೆ ಕೈಕಟ್ಟಿ ನಿಂತಿದ್ದರು, ಅಲುಗಲಿಲ್ಲ.

"ಕೂಗವಾ," ಎಂದು ಆಯಿ ಟೀವಿಗೆ ಮೆಲ್ಲಗೆ ಹೇಳಿದಳು. "ಬಾಯಿ ಮುಚ್ಚಬ್ಯಾಡ."

ಕೇಳಿಸಿಕೊಂಡಳು ಎಂದು ನಾನು ಬರೆಯಲಾರೆ. ಆದರೆ ಚೆಂಡು ಮತ್ತೆ ನಮ್ಮ ಕಡೆ ಬಂದಾಗ ಅವಳು ಕೂಗಿದಳು. ಮೊದಲ ಕೂಗು ಒಡೆದಿತ್ತು. ಎರಡನೆಯದು ಒಡೆಯಲಿಲ್ಲ. ಸಾಲು ಜೋಡಿಸಿಕೊಂಡಿತು. ತಪ್ಪು ಮಾಡಿದವಳೆಂದು ಎಲ್ಲರಿಗೂ ಗೊತ್ತಿದ್ದವಳು ಆ ಎಲ್ಲರಿಗೂ ಎಲ್ಲಿ ನಿಲ್ಲಬೇಕೆಂದು ಹೇಳುತ್ತಿದ್ದಳು, ಅವರು ನಿಲ್ಲುತ್ತಿದ್ದರು. ಕೊನೆಯವರೆಗೆ ಇನ್ನೊಂದು ಗೋಲು ಬರಗೊಡಲಿಲ್ಲ. ಒಂದು ಗೋಲಿನಿಂದ ಸೋತರು.

ಸಂಜೆ ಅವಳ ವೀಡಿಯೋ ಕಾಲ್ ಬಂತು. ಹಿಂದೆ ಶಾಲೆಯ ಕಪ್ಪುಹಲಗೆ, ಕಿಟಕಿಯ ಸರಳಿಗೆ ನೇತುಹಾಕಿದ ಸಾಕ್ಸುಗಳು. ನಾವು ಏನನ್ನೂ ಕೇಳುವ ಮೊದಲೇ ಅವಳೇ ಹೇಳಿದಳು: "ಕೋಚ್ ಮ್ಯಾಮ್ ರೆಫರಿನ್ನ ಕೇಳಿದ್ರಂತ. ಅವರು ಏನಂದ್ರ ಗೊತ್ತೇನ? ನಿಮ್ಮ ಹುಡುಗಿ ತಾನ ಹೋಗಿ ಮುಟ್ಟಿ ಸಾರಿ ಕೇಳಿದ್ಲು, ಅಂದ ಮ್ಯಾಲ ಫೌಲ್ ಅಲ್ಲೇನು, ಅಂದ್ರಂತ."

ಆಯಿ ಫೋನನ್ನು ಅವ್ವನ ಕೈಯಿಂದ ತೆಗೆದುಕೊಂಡಳು.

"ಆ ಬಿದ್ದ ಹುಡುಗಿ ಏನಂದ್ಲು?"

"ಏನೂ ಅನ್ನಲಿಲ್ಲ. ಬೂಟಿಗೇನರ ಹತ್ತೇತೇನ ಅಂತ ನೋಡಕೊಂಡ್ಲು."

ಆಯಿಗೆ ನಗು ಬಂತು. ನಕ್ಕು ಮುಗಿದ ಮೇಲೆ ಗಂಭೀರಳಾಗಿ ಹೇಳಿದಳು: "ಇನ್ನ ಮುಟ್ಟಬ್ಯಾಡ. ಆಟದಾಗ ಮಾಫ್ ಐತಿ. ನಾನ ಹೇಳತೇನಿ, ಮಾಫ್."

"ಆಗೂದಿಲ್ಲ ಆಯಿ. ಬಾಕ್ಸಿನ್ಯಾಗ ಮಾತ್ರ ಬಿಡ್ತೀನಿ. ಹೊರಗ ನೋಡೂಣು."

"ನಾಳೆ ಆಡಸ್ತಾರೇನ?" ಎಂದು ನಾನು ಕೇಳಿದೆ.

"ಗೊತ್ತಿಲ್ಲ. ಆಕಿ ಕಾಲು ಆರಾಮಾಗೇತಿ." ಪಾದ ಹೊರಳಿಸಿಕೊಂಡಿದ್ದ ಸ್ಟಾಪರ್ ಅವಳ ಹಿಂದೆಯೇ ಗಾದಿಯ ಮೇಲೆ ಬಾಳೆಹಣ್ಣು ತಿನ್ನುತ್ತಿದ್ದಳು, ಕ್ಯಾಮರಾ ನೋಡಿ ಆ ಕಾಲನ್ನೇ ಎತ್ತಿ ಆಡಿಸಿದಳು.

ಮರುದಿನ ನಾನು ಕ್ಯಾಂಪಸ್ಸಿಗೆ ಹೋಗಲೇಬೇಕಿತ್ತು. ಪಂದ್ಯದ ಹೊತ್ತಿಗೆ ಓದುವ ಕೋಣೆಯ ಹೊರಗಿನ ಕಾರಿಡಾರಿನಲ್ಲಿ, ಮಳೆಯ ಎರಚಲು ಬರದ ಕಡೆ, ನೆಲದ ಮೇಲೆ ಕೂತು ಬ್ಯಾಗಿಗೆ ಮೊಬೈಲ್ ಒರಗಿಸಿಟ್ಟೆ. ಚಿತ್ರ ಬರಲು ತಡವಾಯಿತು. ಬಂದಾಗ ಮೊದಲು ಕಂಡದ್ದು ಬೆಂಚು. ಅದರ ಮೇಲೆ, ಜಾಕೀಟು ಹಾಕಿಕೊಂಡು, ಆರಾಮಾದ ಕಾಲಿನ ಹುಡುಗಿ ಕೂತಿದ್ದಳು. ಕ್ಯಾಮರಾ ಮೈದಾನದ ಕಡೆ ತಿರುಗಿತು. ತಂಗಿ ಸಾಲಿನ ನಡುವೆ ನಿಂತು ಸೀಟಿಗಾಗಿ ಕಾಯುತ್ತಿದ್ದಳು. ಅವಳ ಹಿಂದೆ ಆ ಹಸಿರು, ಅದರಾಚೆ ಇನ್ನೊಂದು ಹಸಿರು. ನನಗೆ ಉಸಿರು ಬಿಡಲೂ ಭಯವಾಯಿತು, ಬಿಟ್ಟರೆ ನೆಟ್‌ವರ್ಕ್ ಹೋಗಿಬಿಡುತ್ತದೇನೋ ಎಂಬಂತೆ.

ನನ್ನ ಪಕ್ಕದ ಮೇಜಿನಲ್ಲಿ ಓದುವವಳು ಹೊರಗೆ ಬಂದಳು. ಎಷ್ಟೋ ತಿಂಗಳಿಂದ ಅಕ್ಕಪಕ್ಕ ಕೂರುತ್ತಿದ್ದರೂ ನಾನು ಅವಳಿಗೆ ಮನೆಯ ವಿಷಯ ಒಂದನ್ನೂ ಹೇಳಿರಲಿಲ್ಲ. ಅವಳು ಬಗ್ಗಿ ನೋಡಿದಳು.

"ಕ್ಯಾ ದೇಖ್ ರಹೀ ಹೈ?"

"ಮೇರೀ ಬೆಹನ್ ಖೇಲ್ ರಹೀ ಹೈ."

"ಸಚ್? ಕೌನ್‌ಸೀ?"

ಸೀಟಿ ಕೇಳಿಸಿತು, ಅದರ ಹಿಂದೆಯೇ ತಂಗಿಯ ಕೂಗು. ನಾನು ಪಕ್ಕಕ್ಕೆ ಸರಿದು ಅವಳಿಗೆ ಕೂರಲು ಜಾಗ ಮಾಡಿದೆ.

"ಬೀಚ್ ವಾಲೀ," ಎಂದೆ. "ಜೋ ಚಿಲ್ಲಾ ರಹೀ ಹೈ."