ಕಾಸಿಮಸಾಬರ ಮೂರನೆಯ ‘ಇಲ್ಲ’

ಬಬಲೇಶ್ವರದ ಟೇಲರ್ ಕಾಸಿಮಸಾಬರಿಗೆ ‘ಇವತ್ತು ಬಿಸಿಲು ಬಹಳ’ ಎಂದು ಹೇಳಿ ನೋಡಿ. ‘ಇಲ್ರಿ, ನಿನ್ನೀದು ಬಿಸಲ’ ಎನ್ನುತ್ತಾರೆ. ನಿನ್ನೆ ಹೇಳಿದ್ದರೆ ಮೊನ್ನೆಯ ಬಿಸಿಲನ್ನು ಹೊಗಳುತ್ತಿದ್ದರು. ನಾನು ಎಡಕ್ಕೆ ಕೇಳಿದ ಜೇಬನ್ನು ಬಲಕ್ಕೆ ಹೊಲಿದುಕೊಟ್ಟ ಪುಣ್ಯಾತ್ಮರು ಇವರೇ. ಹನ್ನೊಂದು ವರ್ಷವಾದರೂ ಆ ಸಿಟ್ಟು ಇಳಿದಿಲ್ಲ. ಅಂಗಿ ಹೊಲಿಸುವುದು ಮಾತ್ರ ಅವರ ಹತ್ತಿರವೇ; ಹೊಲಿಗೆ ಬಿಚ್ಚುವುದಿಲ್ಲ.

ಅಂಗಡಿಯಲ್ಲಿ ಕನ್ನಡ, ಮನೆಯಲ್ಲಿ ಉರ್ದು. ಎರಡರಲ್ಲೂ ಅವರ ಮೊದಲ ಮಾತು ‘ಇಲ್ಲ’. ಈ ಬಾಯಿಂದಲೇ ಮೊಮ್ಮಗಳು ಕೈನಾತಳ ಎರಡು ಸಂಬಂಧ ಮುರಿದಿದ್ದವು. ಒಬ್ಬ ಬೀಗರು ‘ನಮ್ಮ ಹುಡುಗ ಎತ್ತರ ಅದಾನ’ ಎಂದದ್ದಕ್ಕೆ ಇವರು ಟೇಪು ತೆಗೆದಿದ್ದರು!

ಹೋದ ತಿಂಗಳು ಟಿಕೋಟಾದ ಮಶಾಕಸಾಬರು ಮಗನಿಗೆ ಹೆಣ್ಣು ನೋಡಲು ಬರುತ್ತಾರೆಂದಾಯಿತು. ಸೊಸೆ ಶಮಾ, ಕೈನಾತಳ ತಾಯಿ, ಮಾವನಿಂದ ಮಾತು ತೆಗೆದುಕೊಂಡಳು. ‘ನಾಳೆ ಒಂದಿನ ಕನ್ನಡದಾಗ ಇಲ್ಲ ಅನಬ್ಯಾಡ್ರಿ, ಉರ್ದುದಾಗ ನೈ ಅನಬ್ಯಾಡ್ರಿ.’ ಕಾಸಿಮಸಾಬರು ಒಪ್ಪಿದರು. ಕೊಟ್ಟ ಮಾತಿಗೆ ತಪ್ಪುವ ಜೀವವಲ್ಲ ಅದು.

ಕೈನಾತಳಿಗೆ ದಿಗಿಲಾಯಿತು. ವಿಜಯಪುರದಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದಳು, ಈ ಬೀಗರು ಓದು ಬಿಡಿಸುತ್ತಾರೆಂದು ಸುದ್ದಿಯಿತ್ತು. ಅವಳ ಪರವಾಗಿ ‘ಇಲ್ಲ’ ಎನ್ನಬಲ್ಲ ಒಂದೇ ಬಾಯಿಗೆ ಬೀಗ ಬಿದ್ದಿತ್ತು. ಅಜ್ಜನ ಮಷಿನ್ ಪಕ್ಕ ಬಂದು ಕುಳಿತಳು. ನಾನೂ ಅಲ್ಲೇ ಗುಂಡಿ ಹಚ್ಚಿಸಿಕೊಳ್ಳುತ್ತಿದ್ದೆ.

‘ಇಂಗ್ಲಿಷಿನ್ಯಾಗ ನಿನ್ನಂಥವರ ಸಲುವಾಗೇ ಒಂದು ಹಳೇ ಶಬ್ದ ಐತಿ ಅಜ್ಜಾ. ಗೇನ್‌ಸೇ.’

‘ಗೇನ್ ಅಂದ್ರ ಲಾಭ. ಲಾಭದ ಮಾತು.’

‘ಅಲ್ಲಜ್ಜಾ, ಎದುರಾಡೂದು.’

‘ಇಲ್ಲ, ಲಾಭ,’ ಎಂದರು. ಆದರೆ ಶಬ್ದವನ್ನು ಎರಡು ಸಲ ಬಾಯಲ್ಲಿ ಆಡಿಸಿ ನೋಡಿದರು.

ಮರುದಿನ ನೆರೆಯವನೆಂದು ನನ್ನನ್ನೂ ಕೂರಿಸಿದ್ದರು. ಚಹಾ ಮುಗಿಯಿತು. ಮಶಾಕಸಾಬರು, ‘ಹುಡುಗಿ ಪಸಂದ ಬಂದಾಳ್ರಿ. ಓದು ಇಷ್ಟ ಸಾಕು. ಯಾರದರೇ ಏನರೇ ತಕರಾರ ಐತೇನು?’ ಎಂದರು. ನಾನು ಖಾಲಿ ಕಪ್ಪಿನೊಳಗೆ ಇಣುಕಿದೆ, ನಾಚಿಕೆಯಾಗುತ್ತದೆ ಹೇಳಲು.

‘ಗೇನ್‌ಸೇ,’ ಎಂದರು ಕಾಸಿಮಸಾಬರು.

ಮಶಾಕಸಾಬರ ಮುಖ ಅರಳಿತು. ‘ಗ್ಯಾನ್ ಸೇ! ನೋಡ್ರಿ, ಹಿರಿಯರು ಗ್ಯಾನದಿಂದ ಒಪ್ಪ್ಯಾರ. ಸಕ್ಕರಿ ತರ್ರಿ!’

ಶಮಾ ಸಕ್ಕರೆ ಡಬ್ಬಿಗೆ ಓಡಿದಳು. ಕಾಸಿಮಸಾಬರು ಬೆವರಿದರು. ತಿದ್ದಬೇಕೆಂದರೆ ‘ಇಲ್ಲ’ ಎನ್ನಬೇಕು; ಎನ್ನುವಂತಿಲ್ಲ. ಆಗ ಬಾಗಿಲ ಪರದೆ ಸರಿಸಿ ಕೈನಾತಳೇ ಹೊರಗೆ ಬಂದಳು.

‘ಗ್ಯಾನ ಅಲ್ರಿ, ಲಾಭಾನೂ ಅಲ್ಲ. ಭಾಳ ಹಳೇ ಇಂಗ್ಲಿಷಿನ್ಯಾಗ ಗೇನ್ ಅಂದ್ರ ಎದುರು, ಸೇ ಅಂದ್ರ ಆಡು. ನಮ್ಮ ಎದುರಾಡು ಇದ್ದಂಗ. ಅಜ್ಜ ಒಪ್ಪಿಲ್ಲ. ನಾನೂ ಒಪ್ಪಿಲ್ರಿ. ಓದು ಮುಗಿಸಾಕಿ ನಾ.’

ಮಶಾಕಸಾಬರು ಮುದುಕರತ್ತ ತಿರುಗಿದರು. ‘ಏನ್ರೀ, ನಿಮ್ಮ ಮೊಮ್ಮಗಳು ಹಿರಿಯರಿಗೆ ಎದುರಾಡತಾಳೇನು?’

‘ಹೌದ್ರಿ,’ ಎಂದರು ಕಾಸಿಮಸಾಬರು, ಎದೆಯುಬ್ಬಿಸಿ. ಅವರ ಬಾಯಿಂದ ನಾನು ಕೇಳಿದ ಮೊದಲ ‘ಹೌದು’ ಅದು.

ಬೀಗರು ಎದ್ದುಹೋದರು. ಶಮಾ ಎರಡು ದಿನ ಮಾವನಿಗೆ ಸಪ್ಪೆ ಚಹಾ ಕೊಟ್ಟಳು. ಕೈನಾತ ಈಗಲೂ ಮುಂಜಾನೆಯ ಬಸ್ಸಿಗೆ ವಿಜಯಪುರಕ್ಕೆ ಹೋಗುತ್ತಾಳೆ.

ಮೊನ್ನೆ ಅಂಗಿ ತರಲು ಹೋದಾಗ ಕೆಣಕಿದೆ. ‘ಒಂದು ಶಬ್ದದಿಂದ ಛಲೋ ಸಂಬಂಧ ಲುಕ್ಸಾನ ಆತಲ್ರಿ, ಕಾಸಿಮಸಾಬ?’

ಅವರು ಬಸ್ ನಿಲ್ದಾಣದತ್ತ ನಡೆಯುತ್ತಿದ್ದ ಮೊಮ್ಮಗಳನ್ನು ನೋಡಿ, ಸೂಜಿಗೆ ದಾರ ಪೋಣಿಸಿದರು.

‘ಇಲ್ರಿ,’ ಎಂದರು. ‘ಗೇನ್ ಅಂದ್ರ ಲಾಭ.’